ಹಲಸಿನ ಮರ ತಂತಿ ನುಂಗಿದೆ, ಮೇಲೆ ಮಾತ್ರ ಊದಿಕೊಂಡಿದೆ. ಯಾಕೆ?

ಶಿರಸಿ ತೋಟಿಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಹನ್ನೆರಡು ವರ್ಷದ ಹಲಸಿನ ಮರ ಇದೆ. ಪಕ್ಕದಲ್ಲೇ ಒಂದು ಹಳೇ ಅಡಿಕೆ ಮರ. ನಾಲ್ಕು ವರ್ಷದ ಹಿಂದೆ ಬಟ್ಟೆ ಒಣಗಿಸಲು ಇವೆರಡಕ್ಕೂ ಸುತ್ತಿ ತಂತಿ ಕಟ್ಟಿದ್ದೆವು. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮೊನ್ನೆ ಬಿಚ್ಚೋಣ ಅಂತ ಹೋದರೆ ಹಲಸಿನ ಕಾಂಡದಲ್ಲಿ ತಂತಿಯೇ ಕಾಣುತ್ತಿಲ್ಲ. ತೊಗಟೆ ನುಂಗಿಬಿಟ್ಟಿದೆ. ತಂತಿ ಇದ್ದ ಜಾಗದ ಮೇಲೆ ಸೈಕಲ್ ಟೈರ್ ಸಿಕ್ಕಿಸಿದ ಹಾಗೆ ಸುತ್ತಲೂ ಊತ. ಕೈಯಾಡಿಸಿದರೆ ನುಣ್ಣಗಿದೆ, ಹೊಸ ತೊಗಟೆ. ಅದರ ಕೆಳಗೆ ಕಾಂಡ ಸಣ್ಣಗೆ, ಒರಟಾಗಿ, ಅಲ್ಲಲ್ಲಿ ಬಿರಿದಿದೆ. ಅಡಿಕೆ ಮರದಲ್ಲಿ ಮಾತ್ರ ತಂತಿ ಕಟ್ಟಿದ ದಿನ ಹೇಗಿತ್ತೋ ಹಾಗೇ ಇದೆ, ಬೆರಳು ತೂರುತ್ತದೆ. ಆ ಅಡಿಕೆ ಮರದ ಎದೆಯೆತ್ತರದಲ್ಲಿ ಮುಷ್ಟಿ ಹೋಗುವಷ್ಟು ಹಳೇ ತೂತು ಬೇರೆ ಇದೆ. ಆದರೂ ವರ್ಷಾ ವರ್ಷಾ ಗೊನೆ ಬಿಡುತ್ತದೆ.

ಊತ ಮೇಲೆ ಮಾತ್ರ ಯಾಕೆ? ಹಲಸಿನ ಎಲೆ ಇನ್ನೂ ಹಸಿರಾಗಿದೆ, ಅಂದರೆ ನೀರು ಹೋಗುತ್ತಿದೆ ಅಲ್ವಾ? ಹಾಗಾದರೆ ಸುಮ್ನೆ ಬಿಟ್ಟರೂ ನಡೆಯುತ್ತದಾ? ಮತ್ತೆ ಆ ಅಡಿಕೆ ಮರ ಹೇಗೆ ಬದುಕಿದೆ?

ಪಿಯು ಮೇಷ್ಟ್ರು

ಸುಮ್ನೆ ಬಿಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಮರದೊಳಗೆ ಎರಡು ಥರದ ಕೊಳವೆಗಳಿವೆ. ಬೇರು ಹೀರಿದ ನೀರು ಕಟ್ಟಿಗೆಯೊಳಗಿನ ಕ್ಸೈಲಂನಲ್ಲಿ ಮೇಲೆ ಹೋಗುತ್ತದೆ. ಎಲೆ ಮಾಡಿದ ಸಕ್ಕರೆ ತೊಗಟೆಯ ಒಳಮೈಯಲ್ಲಿರುವ ಫ್ಲೋಯಂನಲ್ಲಿ ಇಳಿಯುತ್ತದೆ. ನಿಮ್ಮ ತಂತಿ ಹಿಸುಕಿರುವುದು ತೊಗಟೆಯನ್ನು. ಕಟ್ಟಿಗೆಗೆ ಏನೂ ಆಗಿಲ್ಲ. ಹಾಗಾಗಿ ನೀರು ಏರುತ್ತಿದೆ, ಇಳಿಯುತ್ತಿದ್ದ ಸಕ್ಕರೆ ಮಾತ್ರ ತಂತಿಯ ಹತ್ತಿರ ನಿಂತಿದೆ. ಅಲ್ಲಿನ ಕೋಶಗಳಿಗೆ ಊಟ ಜಾಸ್ತಿಯಾಗಿ ದಪ್ಪಗಾಗಿವೆ. ಕೆಳಗಿನವಕ್ಕೆ ಉಪವಾಸ. 17ನೇ ಶತಮಾನದಲ್ಲಿ ಇಟಲಿಯ ಮಾಲ್ಪೀಘಿ ಮರದ ಸುತ್ತ ತೊಗಟೆಯ ಉಂಗುರ ತೆಗೆದು ನೋಡಿದಾಗ ಅವನಿಗೆ ಕಂಡದ್ದೂ ಇದೇ ಊತ.

ಎಲೆ ಹಸಿರು ಅಂತ ನಂಬಬೇಡಿ. ಇಲ್ಲಿ ಮೊದಲು ಸಾಯುವುದು ಬೇರು. ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿಕೊಂಡು ಅದು ಸ್ವಲ್ಪ ಕಾಲ ದಿನ ತಳ್ಳುತ್ತದೆ. ಅದೂ ಮುಗಿದರೆ ನೀರು ಹೀರಲು ಬೇರೇ ಇರುವುದಿಲ್ಲ. ಎಲೆ ಬಾಡುವುದು ಆಮೇಲೆ. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಕಸಿ ಅಜ್ಜ

ಮೇಷ್ಟ್ರು ಹೇಳಿದ್ದು ಸರಿ. ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಲು ನಾವು ಗೂಟಿ ಕಟ್ಟುವುದು ಇದೇ ಲೆಕ್ಕದಲ್ಲಿ. ಪೇರಳೆ ಕೊಂಬೆಗೆ ಎರಡು ಬೆರಳಗಲ ತೊಗಟೆ ಉಂಗುರದ ಹಾಗೆ ತೆಗೆಯುತ್ತೇವೆ. ಕಟ್ಟಿಗೆಯನ್ನು ಚಾಕುವಿನಿಂದ ಚೆನ್ನಾಗಿ ಕೆರೆಯಬೇಕು, ಆ ಜಾರುವ ಪದರ ಉಳಿದರೆ ಮತ್ತೆ ತೊಗಟೆ ಕೂಡಿಬಿಡುತ್ತದೆ. ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುತ್ತೇವೆ. ಬೇರು ಬರುವುದು ಯಾವಾಗಲೂ ಗಾಯದ ಮೇಲಂಚಿನಲ್ಲಿ, ಅಂದರೆ ಕೊಂಬೆಯ ತುದಿ ಕಡೆಯ ಅಂಚಿನಲ್ಲಿ. ಕೆಳಂಚಿನಲ್ಲಿ ಬಂದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಕೊಂಬೆ ಅಷ್ಟು ದಿನವೂ ಬಾಡುವುದಿಲ್ಲ, ನೀರು ಒಳಗಿನಿಂದ ಬರುತ್ತಿರುತ್ತದಲ್ಲ.

ತಮ್ಮಾ, ತಂತಿಯನ್ನು ಎಳೆಯಲು ಹೋಗಬೇಡ. ಎಲ್ಲೆಲ್ಲಿ ತುದಿ ಸಿಗುತ್ತದೋ ಅಲ್ಲಲ್ಲಿ ಕತ್ತರಿಸು. ಒಳಗೆ ಹೂತದ್ದು ಅಲ್ಲೇ ಇರಲಿ. ಉಳಿ ಹಾಕಿ ಕೆತ್ತಿದರೆ ಇರುವ ತೊಗಟೆಯೂ ಹೋಗುತ್ತದೆ.

ಪಿಯು ಮೇಷ್ಟ್ರು

ಅಜ್ಜ ಹೇಳಿದ ಆ ಜಾರುವ ಪದರವೇ ಕೇಂಬಿಯಂ. ಒಳಮುಖವಾಗಿ ಕ್ಸೈಲಂ, ಹೊರಮುಖವಾಗಿ ಫ್ಲೋಯಂ ಹುಟ್ಟಿಸುವುದು ಅದೇ. ಕಸಿ ಕೂಡುವುದೂ ಅದರಿಂದಲೇ. ಅಡಿಕೆಗೆ ಆ ಪದರ ಇಲ್ಲ. ಒಮ್ಮೆ ಎಷ್ಟು ದಪ್ಪಗೆ ಕಾಂಡ ಎದ್ದಿತೋ ಜೀವಮಾನವಿಡೀ ಹೆಚ್ಚು ಕಡಿಮೆ ಅಷ್ಟೇ. ತಂತಿ ಸಡಿಲವಾಗಿಯೇ ಉಳಿದದ್ದು ಅದಕ್ಕೆ.

ತೂತಿನ ವಿಷಯ. ಅಡಿಕೆ, ತೆಂಗು, ಕಬ್ಬು, ಜೋಳ ಇವೆಲ್ಲ ಒಂದೇ ಮಾದರಿ. ಕಬ್ಬನ್ನು ಅಡ್ಡ ಕತ್ತರಿಸಿ ತುದಿ ನೋಡಿ. ಇಡೀ ಮೈಯಲ್ಲಿ ಚುಕ್ಕಿ ಚುಕ್ಕಿ. ಪ್ರತಿ ಚುಕ್ಕಿಯೂ ಕ್ಸೈಲಂ, ಫ್ಲೋಯಂ ಎರಡನ್ನೂ ಜೊತೆಗೆ ಹಿಡಿದ ಒಂದು ಕಟ್ಟು. ಸುತ್ತಲೂ ಗಟ್ಟಿ ನಾರಿನ ಕವಚ. ಕಬ್ಬು ಜಗಿದು ಉಗಿಯುತ್ತೇವಲ್ಲ, ಆ ನಾರು ಇದೇ. ಸಿಹಿ ಇರುವುದು ಅವುಗಳ ನಡುವಿನ ಮೆತ್ತನೆ ಕೋಶಗಳಲ್ಲಿ. ಕಟ್ಟುಗಳು ಕಾಂಡದ ತುಂಬ ಹರಡಿಕೊಂಡಿರುವುದರಿಂದ ಒಂದು ಕಡೆ ತೂತಾದರೂ ಉಳಿದ ಕಡೆ ಸಾಗಾಟ ನಿಲ್ಲುವುದಿಲ್ಲ. ಆದರೆ ಗಾಯ ಮುಚ್ಚುವುದೂ ಇಲ್ಲ. ಹತ್ತಲು ತೆಂಗಿನ ಮರಕ್ಕೆ ಹಾಕಿದ ಮೆಟ್ಟಿಲ ಕಚ್ಚು ಮರ ಇರುವವರೆಗೂ ಹಾಗೇ ಉಳಿಯುತ್ತದೆ. ಇನ್ನೊಂದು ಸೋಜಿಗ ಕೇಳಿ. ಹಲಸಿನಂಥ ಮರ ಹೊಸ ಫ್ಲೋಯಂ ಮಾಡಿಕೊಳ್ಳುತ್ತಲೇ ಇರುತ್ತದೆ, ಹಳೆಯದು ಬೇಗ ಕೆಲಸ ಬಿಡುತ್ತದೆ. ತೆಂಗಿಗೆ ಆ ದಾರಿಯೇ ಇಲ್ಲ. ಬುಡದಲ್ಲಿ ಎಳವೆಯಲ್ಲಿ ಹುಟ್ಟಿದ ಜರಡಿ ನಾಳಗಳೇ, ಅಂದರೆ ನಡುನಡುವೆ ಜರಡಿಯಂಥ ತೂತಿನ ಗೋಡೆ ಇರುವ ಫ್ಲೋಯಂ ಕೊಳವೆಗಳೇ, ಹತ್ತಾರು ವರ್ಷ ಜೀವಂತವಾಗಿ ಸಕ್ಕರೆ ಸಾಗಿಸಬೇಕು.

ಬಾವಿಕಟ್ಟೆ

ಸ್ವಲ್ಪ ನಿಲ್ಲಿ ಮೇಷ್ಟ್ರೇ. ನೀರು ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏರಿಸುವವರು ಯಾರು? ನಮ್ಮ ಬಾವಿಯ ಪಂಪು ದಡದ ಮೇಲಿದೆ. ನೀರು ಏಳೆಂಟು ಮೀಟರಿಗಿಂತ ಕೆಳಗೆ ಹೋದರೆ ಮೋಟಾರು ಎಷ್ಟೇ ಕಿರುಚಿದರೂ ಎಳೆಯುವುದಿಲ್ಲ. ಪುಸ್ತಕದ ಲೆಕ್ಕದಲ್ಲೂ 10 ಮೀಟರಿನ ಆಸುಪಾಸಿಗೆ ಮುಗಿಯಿತು. ಘಟ್ಟದಲ್ಲಿ 40 ಮೀಟರ್ ಮರ ಬೇಕಾದಷ್ಟಿವೆ. ಅದಕ್ಕೆ ಯಾವ ಮೋಟಾರು? ಬೇರು ನೂಕುತ್ತದೆ ಅಂತೀರಾ?

ಪಿಯು ಮೇಷ್ಟ್ರು

ಬೇರೂ ನೂಕುತ್ತದೆ, ಸ್ವಲ್ಪ. ಬೆಳಗ್ಗೆ ಕೆಸುವಿನ ಎಲೆ ತುದಿಯಿಂದ ಹನಿ ತೊಟ್ಟಿಕ್ಕುವುದು ನೋಡಿದ್ದೀರಲ್ಲ, ಅದು ಇಬ್ಬನಿಯಲ್ಲ, ಬೇರು ನೂಕಿದ ನೀರು. ಆದರೆ ಆ ಬಲ ದೊಡ್ಡ ಮರಕ್ಕೆ ಸಾಲದು.

ಮರದಲ್ಲಿ ಕೆಲಸ ಶುರುವಾಗುವುದು ಮೇಲಿನಿಂದ. ಎಲೆಯ ಪತ್ರರಂಧ್ರದಿಂದ ನೀರು ಆವಿಯಾಗುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಹೀಗೇ ಹೋಗುತ್ತದೆ. ಎಲೆಯ ಒಳಗಿನ ಕೋಶಗಳ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿವೆ. ಅಲ್ಲಿ ನೀರು ಕಡಿಮೆಯಾದ ಹಾಗೆ ಹಿಂದಿನ ನೀರು ಜಗ್ಗಿಕೊಂಡು ಬರುತ್ತದೆ. ನೀರಿನ ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಆ ಜಗ್ಗು ಎಲೆಯಿಂದ ಬೇರಿನ ತನಕ, ಹಗ್ಗ ಎಳೆದ ಹಾಗೆ, ಹೋಗಿ ಮುಟ್ಟುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಇದನ್ನು ಮುಂದಿಟ್ಟರು. ನಿಮ್ಮ 10 ಮೀಟರ್ ಲೆಕ್ಕ ಗಾಳಿಯ ಒತ್ತಡದ ಮೇಲೆ ನಿಂತದ್ದು. ಇಲ್ಲಿ ನೀರಿನ ಹಗ್ಗವನ್ನೇ ಜಗ್ಗುವುದರಿಂದ ಆ ಮಿತಿ ಇಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರ 115 ಮೀಟರ್ ದಾಟಿದೆ.

ಪಂಪಿನ ಮಾತು ತೆಗೆದಿರಿ, ಒಳ್ಳೆಯದಾಯಿತು. ನಿಮ್ಮ ಪಂಪಿನಿಂದ ಬಾವಿಗೆ ಇಳಿಬಿಟ್ಟ ಸಕ್ಷನ್ ಪೈಪ್ ನೋಡಿ. ಅದರ ಮೈಯಲ್ಲಿ ಗಟ್ಟಿ ಸುರುಳಿ ಇರುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಮಾತ್ರ ಮೆತ್ತಗೆ, ಚಪ್ಪಟೆ ಮಡಚಬಹುದು. ಯಾಕೆ?

ಬಾವಿಕಟ್ಟೆ

ಸಕ್ಷನ್ ಪೈಪಿಗೆ ಸುರುಳಿ ಇಲ್ಲದಿದ್ದರೆ ಎಳೆತಕ್ಕೆ ಒಳಗೆ ಕುಸಿದು ಅಂಟಿಕೊಳ್ಳುತ್ತದೆ. ಓಹೋ.

ಪಿಯು ಮೇಷ್ಟ್ರು

ಅದೇ! ಕ್ಸೈಲಂ ಎಳೆಯುವ ಪೈಪು. ಹಾಗಾಗಿ ಅದರ ಗೋಡೆಗೆ ಲಿಗ್ನಿನ್ ಅನ್ನುವ ಗಟ್ಟಿ ವಸ್ತುವಿನ ಬಳೆ, ಸುರುಳಿ, ಜಾಲರಿ. ತಾವರೆ ದಂಟನ್ನು ಮೆಲ್ಲಗೆ ಮುರಿದು ಎರಡು ತುಂಡನ್ನೂ ದೂರ ಎಳೆಯಿರಿ. ಜೇಡರ ಬಲೆಯಂಥ ಎಳೆ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ, ಬಿಟ್ಟರೆ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. ಅದು ಕ್ಸೈಲಂ ಗೋಡೆಯ ಸುರುಳಿ, ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡದ್ದು. ಮ್ಯಾನ್ಮಾರ್‌ನ ಇನ್ಲೆ ಸರೋವರದ ಕಡೆ ಅದರಲ್ಲೇ ಬಟ್ಟೆ ನೇಯುತ್ತಾರೆ. ಬಾಳೆಯ ದಂಟಿನಲ್ಲೂ ಈ ಎಳೆ ಸಿಗುತ್ತದೆ.

ಕೊಳವೆ ಕಟ್ಟಿ ಮುಗಿಸಿದ ಮೇಲೆ ಆ ಕೋಶ ಸತ್ತೇಹೋಗುತ್ತದೆ. ಒಳಗಿನದೆಲ್ಲ ಕರಗಿ, ತುದಿಯ ಗೋಡೆಯೂ ಹೋಗಿ, ಬರೀ ಖಾಲಿ ಪೈಪು ಉಳಿಯುತ್ತದೆ. ನೀರು ಹರಿಯಲು ಅದಕ್ಕಿಂತ ಒಳ್ಳೆಯ ದಾರಿ ಯಾವುದು?

ಹಳೇ ಪುಸ್ತಕ

ಇಲ್ಲಿ ನನ್ನದೊಂದು ತಕರಾರು. ಜಗದೀಶ್ ಚಂದ್ರ ಬೋಸ್ ಅವರು ಗಿಡದೊಳಗಿನ ಜೀವಂತ ಕೋಶಗಳು ಮಿಡಿದು ನೀರನ್ನು ಮೇಲೆ ನೂಕುತ್ತವೆ ಅಂದಿದ್ದರು. ಅದನ್ನು ಹಾಗೆ ತಳ್ಳಿಹಾಕುವುದು ಸರಿಯಾ?

ಪಿಯು ಮೇಷ್ಟ್ರು

ಬೋಸರ ಬಗ್ಗೆ ನನಗೂ ಗೌರವ ಇದೆ. ಗಿಡದೊಳಗಿನ ವಿದ್ಯುತ್ ಸಂಕೇತಗಳ ಬಗ್ಗೆ ಅವರು ಮಾಡಿದ್ದು ಕಾಲಕ್ಕಿಂತ ಮುಂದಿತ್ತು. ಆದರೆ ಈ ವಿಷಯದಲ್ಲಿ ಅವರ ಮಾತು ನಿಲ್ಲಲಿಲ್ಲ. 1890ರ ಸುಮಾರಿಗೇ ಜರ್ಮನಿಯಲ್ಲಿ ಸ್ಟ್ರಾಸ್‌ಬರ್ಗರ್ ದೊಡ್ಡ ಮರ ಕೊಯ್ದು ಬುಡವನ್ನು ಮೈಲುತುತ್ತದ ನೀರಿಗೆ ಇಟ್ಟಿದ್ದ. ಹೌದು, ನಾವು ಅಡಿಕೆಗೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಅದೇ ಮೈಲುತುತ್ತ. ಅದು ಏರುವ ದಾರಿಯಲ್ಲಿ ಸಿಕ್ಕ ಜೀವಂತ ಕೋಶಗಳನ್ನೆಲ್ಲ ಕೊಂದಿತು. ಆದರೂ ನೀರು ತುದಿವರೆಗೂ ಏರಿತು. ಎಲೆ ಸತ್ತ ಮೇಲಷ್ಟೇ ನಿಂತಿತು.

ದ್ವಿತೀಯ ಪಿಯು ಹುಡುಗಿ

ಸರ್, ಇದನ್ನು ಓದಿ ಮನೆಯಲ್ಲಿ ಮಾಡಿ ನೋಡಿದೆ. ಗೌರಿ ಹೂವಿನ ಗಿಡದ ಮೂರು ಕೊಂಬೆ, ಕೆಂಪು ಇಂಕು ಬೆರೆಸಿದ ನೀರು. ಒಂದನ್ನು ಫ್ಯಾನ್ ಕೆಳಗೆ ಇಟ್ಟೆ. ಇನ್ನೊಂದಕ್ಕೆ ಪ್ಲಾಸ್ಟಿಕ್ ಕವರ್ ಮುಚ್ಚಿದೆ. ಮೂರನೆಯದರ ಎಲೆ ಎಲ್ಲ ಕಿತ್ತೆ. ಗೌರಿ ಹೂವಿನ ದಂಟು ಗಾಜಿನ ಹಾಗಿರುವುದರಿಂದ ಕೆಂಪು ಗೆರೆ ಏರುವುದು ಹೊರಗಿನಿಂದಲೇ ಕಾಣುತ್ತದೆ! ಫ್ಯಾನ್ ಕೆಳಗಿನದು ಎಲೆಯ ನರದ ತನಕ ಕೆಂಪಾದಾಗ ಕವರ್ ಮುಚ್ಚಿದ್ದು ಅರ್ಧಕ್ಕೆ ಬಂದಿತ್ತು. ಎಲೆ ಕಿತ್ತದ್ದು ಬುಡ ಬಿಟ್ಟು ಅಲ್ಲಾಡಲಿಲ್ಲ. ಬ್ಲೇಡಿನಿಂದ ಅಡ್ಡ ಕೊಯ್ದರೆ ಅಂಚಿನ ಸುತ್ತ ಕೆಂಪು ಚುಕ್ಕಿಗಳ ಬಳೆ. ಮಧ್ಯೆ ಬಣ್ಣವೇ ಇಲ್ಲ.

ಮೊದಲು ಬೀಟ್‌ರೂಟ್ ರಸದಲ್ಲಿ ಮಾಡಿ ಕೆಟ್ಟಿತ್ತು, ಸೋಸದೆ ಹಾಕಿದ್ದೆ. ಅಮ್ಮ ಪಲ್ಯದ ಬೀಟ್‌ರೂಟ್ ಹಾಳು ಮಾಡಿದೆ ಅಂತ ಬೈದರು.

ಒಂದು ಪ್ರಶ್ನೆ. ಕ್ಸೈಲಂ ಸತ್ತು ಕೆಲಸ ಮಾಡುತ್ತದೆ ಅಂದರೆ ಫ್ಲೋಯಂ ಯಾಕೆ ಜೀವಂತ ಇರಬೇಕು?

ಪಿಯು ಮೇಷ್ಟ್ರು

ಚೆನ್ನಾಗಿ ಮಾಡಿದ್ದೀಯಮ್ಮ.

ಫ್ಲೋಯಂ ನೂಕುವ ಪೈಪು. ಎಲೆಯ ಹತ್ತಿರ ಜರಡಿ ನಾಳಕ್ಕೆ ಸಕ್ಕರೆ ತುಂಬುತ್ತದೆ. ಸಕ್ಕರೆ ಇದ್ದ ಕಡೆ ನೀರು ನುಗ್ಗುತ್ತದೆ, ಪಕ್ಕದ ಕ್ಸೈಲಂನಿಂದಲೇ. ಒತ್ತಡ ಏರುತ್ತದೆ. ಬೇರೋ ಕಾಯೋ ಸಕ್ಕರೆ ತೆಗೆದುಕೊಂಡ ಕಡೆ ಒತ್ತಡ ಇಳಿಯುತ್ತದೆ. ಹೀಗೆ ಹೆಚ್ಚಿನಿಂದ ಕಡಿಮೆಗೆ ಹರಿವು. 1930ರಲ್ಲಿ ಮ್ಯುಂಕ್ ಕೊಟ್ಟ ವಿವರಣೆ ಇದು. ಸಕ್ಕರೆಯನ್ನು ಒಳಗೆ ಹಿಡಿದಿಡಲು ಜೀವಂತ ಪೊರೆ ಬೇಕು. ಕೋಶ ಸತ್ತರೆ ಪೊರೆ ಸೋರುತ್ತದೆ, ಒತ್ತಡ ಹೋಯಿತು. ಆದರೆ ಒಳಗೆ ಸಾಮಾನು ಜಾಸ್ತಿ ಇದ್ದರೆ ಹರಿವಿಗೆ ಅಡ್ಡ. ಅದಕ್ಕೆ ಜರಡಿ ನಾಳ ತನ್ನ ಕೋಶಕೇಂದ್ರವನ್ನೂ ಬಿಟ್ಟುಕೊಡುತ್ತದೆ. ಅದರ ಸಂಸಾರ ನಡೆಸುವುದು ಪಕ್ಕದ ಸಂಗಾತಿ ಕೋಶ. ವೇಗ ಕಡಿಮೆ, ಗಂಟೆಗೆ ಒಂದು ಮೀಟರಿನ ಆಸುಪಾಸು. ಅಗಲ ಕೊಳವೆಯ ಮರಗಳಲ್ಲಿ ಮಧ್ಯಾಹ್ನ ನೀರು ಗಂಟೆಗೆ ಹತ್ತಾರು ಮೀಟರ್ ಏರುತ್ತದೆ.

ಫ್ಲೋಯಂ ಯಾವಾಗಲೂ ಕೆಳಗೇ ಹರಿಯುತ್ತದೆ ಅಂತ ಪರೀಕ್ಷೆಯಲ್ಲಿ ಬರೆಯಬೇಡ. ಆಲೂಗಡ್ಡೆ ಮೊಳಕೆ ಬರುವಾಗ ಸಕ್ಕರೆ ಗಡ್ಡೆಯಿಂದ ಮೇಲಕ್ಕೆ ಹೋಗುತ್ತದೆ.

ಉಡುಪಿ ಅಕ್ಕ

ನೂಕುವ ಪೈಪು ಅಂದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ನನ್ನ ಅಜ್ಜ ಮೂರ್ತೆ ಕೆಲಸದವರು. ತೆಂಗಿನ ಹೊಂಬಾಳೆ ಬಿರಿಯುವ ಮೊದಲೇ ಬಿಗಿಯಾಗಿ ಸುತ್ತಿ, ಮೆಲ್ಲಗೆ ಬಡಿದು ಬಡಿದು, ತುದಿ ಕೊಯ್ದು ಮಡಕೆ ಕಟ್ಟುತ್ತಿದ್ದರು. ಹೂವಿಗೆ, ಕಾಯಿಗೆ ಅಂತ ಮರ ಕಳಿಸಿದ ಸಕ್ಕರೆ ಮಡಕೆಗೆ ಬೀಳುತ್ತದೆ. ದಿನಕ್ಕೆ ಒಂದೆರಡು ಲೀಟರ್. ಬೆಳಗ್ಗೆ, ಸಂಜೆ ಹತ್ತಿ ಎಲೆಯಷ್ಟು ತೆಳ್ಳಗೆ ಇನ್ನೊಂದು ಹೋಳು ಕೆತ್ತಲೇಬೇಕು. ಒಂದು ಹೊತ್ತು ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಮಡಕೆಗೆ ಸುಣ್ಣ ಬಳಿದರೆ ಸಿಹಿಯಾಗಿ ಉಳಿಯುತ್ತದೆ, ಇಲ್ಲದಿದ್ದರೆ ಮಧ್ಯಾಹ್ನಕ್ಕೇ ನೊರೆ.

ಮೇಷ್ಟ್ರೇ, ಅದು ಕಟ್ಟಿಕೊಳ್ಳುವುದು ಯಾಕೆ?

ಪಿಯು ಮೇಷ್ಟ್ರು

ಒತ್ತಡದ ಪೈಪು ಒಡೆದರೆ ಸಕ್ಕರೆ ಎಲ್ಲ ಸುರಿದು ಹೋಗುತ್ತದಲ್ಲ. ಅದಕ್ಕೆ ಗಿಡ ಜರಡಿಯ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಪ್ರೋಟೀನು ಅಡ್ಡ ಬರುತ್ತದೆ, ಆಮೇಲೆ ಕ್ಯಾಲೋಸ್ ಅನ್ನುವ ಬಿರಡೆ. ನಿಮ್ಮ ಅಜ್ಜ ದಿನಾ ಕೆತ್ತುತ್ತಿದ್ದದ್ದು ಆ ಬಿರಡೆಯನ್ನು.

ಟೊರೊಂಟೊ ಕನ್ನಡಿಗ

ಹಾಗಾದರೆ ಸಿಹಿ ಎಲ್ಲ ಫ್ಲೋಯಂನಲ್ಲಿ, ನೀರು ಎಲ್ಲ ಕ್ಸೈಲಂನಲ್ಲಿ ಅಂತ ಆಯಿತು. ಇಲ್ಲಿ ಮಾರ್ಚಿನಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದೆ. ಡ್ರಿಲ್ಲು ತೊಗಟೆ ದಾಟಿ ಕಟ್ಟಿಗೆಯೊಳಗೆ ಹೋಗುತ್ತದೆ. ರಸ ಬರುವುದು ಕಟ್ಟಿಗೆಯಿಂದ, ಆದರೂ ಸಿಹಿ! ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ. ಇದು ಹೇಗೆ?

ಪಿಯು ಮೇಷ್ಟ್ರು

ಒಳ್ಳೆ ಏಟು. ಅದು ಕ್ಸೈಲಂ ರಸವೇ. ಕಟ್ಟಿಗೆಯಲ್ಲಿ ಸತ್ತ ಕೊಳವೆಗಳ ನಡುವೆ ಜೀವಂತ ಕೋಶಗಳೂ ಇವೆ, ಅವು ಉಗ್ರಾಣ. ಬೇಸಿಗೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಚಳಿಯಲ್ಲಿ ಸಕ್ಕರೆ ಮಾಡಿ ಕೊಳವೆಗೆ ಬಿಡುತ್ತವೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಮರದೊಳಗೆ ಒತ್ತಡ ಏಳುತ್ತದೆ, ತೂತಿನಿಂದ ರಸ ಸುರಿಯುತ್ತದೆ. ಎಲೆ ಇಲ್ಲದ್ದರಿಂದ ಜಗ್ಗುವವರೂ ಇಲ್ಲ. ಸಿಹಿ ಎಷ್ಟಿರುತ್ತದೆ ಅಲ್ಲಿ?

ಟೊರೊಂಟೊ ಕನ್ನಡಿಗ

ನೂರಕ್ಕೆ ಎರಡು ಪಾಲಂತೆ. ಬಾಯಿಗೆ ಹಾಕಿದರೆ ನೀರೇ ಅನಿಸುತ್ತದೆ. ಸುಮಾರು 40 ಲೀಟರ್ ಕುದಿಸಿದರೆ ಒಂದು ಲೀಟರ್ ಸಿರಪ್.

ಉಡುಪಿ ಅಕ್ಕ

ನಮ್ಮ ತೆಂಗಿನದು ಹತ್ತು ಹದಿನೈದು ಪಾಲು ಸಕ್ಕರೆ. ನಾವೇ ಗೆದ್ದೆವು :)

ಸುಳ್ಯ ರಬ್ಬರ್

ಹಲಸಿನ ಸೊನೆಯ ಬಗ್ಗೆ ಯಾರೂ ಹೇಳಲಿಲ್ಲ. ತೊಗಟೆಗೆ ಕತ್ತಿ ತಾಗಿದರೆ ಬಿಳಿ ಸುರಿಯುತ್ತದಲ್ಲ, ಅದು ಫ್ಲೋಯಂ ರಸ ಅಂದುಕೊಂಡವರು ತುಂಬಾ ಜನ. ಅಲ್ಲ. ಸೊನೆಗೆ ಬೇರೆಯೇ ನಾಳಗಳಿವೆ, ಊಟ ಸಾಗಿಸುವುದಕ್ಕಲ್ಲ. ಹುಳ ಕಚ್ಚಿದರೆ ಬಾಯಿ ಅಂಟಿಸಲು. ರಬ್ಬರಿನಲ್ಲೂ ಹಾಗೇ. ಆ ನಾಳಗಳು ತೊಗಟೆಯಲ್ಲೇ ಇರುವುದರಿಂದ ಟ್ಯಾಪಿಂಗ್ ಮಾಡುವವರ ಕೈಚಳಕವೆಲ್ಲ ಒಂದೇ: ಕೇಂಬಿಯಂ ಮುಟ್ಟುವುದಕ್ಕೆ ಕೂದಲೆಳೆ ಮುಂಚೆ ಚಾಕು ನಿಲ್ಲಿಸಬೇಕು. ಮುಟ್ಟಿದರೆ ಆ ಜಾಗ ಗಂಟು ಕಟ್ಟುತ್ತದೆ, ಮತ್ತೆ ಅಲ್ಲಿ ಕೊಯ್ಯಲು ಆಗುವುದಿಲ್ಲ. ಪೂರ್ತಿ ಸುತ್ತು ಕೊಯ್ಯದೆ ಅರ್ಧ ಸುತ್ತು ಕೊಯ್ಯುವುದೂ ಮರಕ್ಕೆ ಊಟದ ದಾರಿ ಬಿಡಲಿಕ್ಕೆ.

ಬಾವಿಕಟ್ಟೆ

ಪೊಳ್ಳು ಮರಗಳ ಕತೆ ಏನು ಮತ್ತೆ? ನಮ್ಮೂರ ಹುಣಸೆ ಮರದೊಳಗೆ ಎರಡು ಹುಡುಗರು ಕೂತು ಬೀಡಿ ಸೇದುತ್ತಾರೆ. ಅಷ್ಟು ಪೊಳ್ಳು. ಹುಣಸೆಹಣ್ಣಿಗೆ ಕಮ್ಮಿ ಇಲ್ಲ.

ಕಸಿ ಅಜ್ಜ

ಕೆಚ್ಚು ಹೋದರೆ ಮರ ಸಾಯುವುದಿಲ್ಲ. ಕೆಚ್ಚು ಅಂದರೆ ಕೆಲಸ ಬಿಟ್ಟ ಹಳೇ ಕಟ್ಟಿಗೆ. ಹಲಸಿನಲ್ಲಿ ಹಳದಿಯಾಗಿರುತ್ತದಲ್ಲ, ಬಡಗಿಗೆ ಬೇಕಾದ್ದು ಅದೇ. ನೀರು ಹೋಗುವುದು ಅದರ ಹೊರಗಿನ ಬಿಳಿ ಭಾಗದಲ್ಲಿ. ಆ ಬಿಳಿ, ಅದರ ಮೇಲಿನ ತೊಗಟೆ ಗಟ್ಟಿ ಇದ್ದರೆ ಸಾಕು. ಗಾಳಿಗೆ ಬಿದ್ದೀತು, ಅಷ್ಟೇ ಹೆದರಿಕೆ.

ಕೆಂಗೇರಿ ಕಡೆಯವ

ನಮ್ಮ ಕೇತೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಬುಡವೇ ರೋಗ ಬಂದು ಹೋಯಿತು. ಬಿಳಲುಗಳು ನೆಲ ಮುಟ್ಟಿ ಕಾಂಡವಾಗಿ, ಒಂದೊಂದೂ ತನ್ನ ನೀರು ತಾನೇ ಎಳೆಯುತ್ತಿದೆ. ಭಾನುವಾರ ಹೋದರೆ ಯಾವುದು ಮೂಲ ಅಂತ ಕೇಳುವವರೇ ಜಾಸ್ತಿ.

ದ್ವಿತೀಯ ಪಿಯು ಹುಡುಗಿ

ಸರ್, ನನಗೆ ಒಂದು ಕೂಡುತ್ತಿಲ್ಲ. ತೊಗಟೆಯ ದಾರಿ ಪೂರ್ತಿ ಮುಚ್ಚಿದರೆ ಬೇರು ಸ್ವಲ್ಪ ಕಾಲದಲ್ಲೇ ಸಾಯುತ್ತದೆ ಅಂದಿರಿ. ಇವರು ತಂತಿ ಕಟ್ಟಿ ನಾಲ್ಕು ವರ್ಷ ಆಯಿತಲ್ಲ?

ಪಿಯು ಮೇಷ್ಟ್ರು

ತಂತಿ ಮೊದಲ ದಿನವೇ ಹಿಸುಕುವುದಿಲ್ಲ. ಮರ ದಪ್ಪಗಾಗುತ್ತಾ ಹೋಗಿ ಬಿಗಿಯಾಗುವುದು. ಆದರೂ ನೀನು ಕೇಳಿದ್ದು ಸರಿ. ಎಲ್ಲೋ ಒಂದು ಕಡೆ ದಾರಿ ಉಳಿದಿರಬೇಕು. ತೋಟಿಗರೇ, ಸುತ್ತಲೂ ಸರಿಯಾಗಿ ನೋಡಿದಿರಾ? ಊತ ಎಲ್ಲ ಕಡೆಯೂ ಒಂದೇ ಸಮ ಇದೆಯಾ?

ಶಿರಸಿ ತೋಟಿಗ

ಇಲ್ಲ! ಈಗಷ್ಟೇ ನೋಡಿ ಬಂದೆ. ಸುತ್ತಲೂ ಅಂತ ಬರೆದದ್ದು ನನ್ನದೇ ತಪ್ಪು. ದನದ ಕೊಟ್ಟಿಗೆ ಕಡೆಗೆ, ಸೌದೆ ಒಟ್ಟಿದ್ದರಿಂದ ನನಗೆ ಕಾಣದ ಬದಿಯಲ್ಲಿ, ನಾಲ್ಕು ಬೆರಳಗಲ ಊತವೇ ಇಲ್ಲ. ಮೇಲಿಂದ ಕೆಳಗಿನವರೆಗೆ ತೊಗಟೆ ಒಂದೇ ಸಮ. ಅಲ್ಲಿ ತಂತಿ ಕಾಂಡ ಬಿಟ್ಟು ಹೊರಗೆ ನಿಂತಿದೆ. ನಡುವೆ ಪುಡಿಪುಡಿಯಾದ ಕಟ್ಟಿಗೆ. ಅಪ್ಪನನ್ನು ಕೇಳಿದರೆ, ತಂತಿ ಜಗ್ಗಿ ನಿಲ್ಲಲಿ ಅಂತ ಅವತ್ತು ಒಂದು ಅಡಿಕೆ ದಬ್ಬೆ ಸಿಕ್ಕಿಸಿದ್ದರಂತೆ. ಅದು ಮಳೆಗೆ ಕೊಳೆತು ಜಾಗ ಬಿಟ್ಟುಕೊಟ್ಟಿದೆ. ಈ ವರ್ಷ ಆ ತಂತಿಯಿಂದ ಕೆಳಗೆ ಎರಡೇ ಎರಡು ಹಲಸಿನಕಾಯಿ ಬಿಟ್ಟಿವೆ. ಎರಡೂ ಆ ಪಟ್ಟಿಯ ನೇರಕ್ಕೇ.

ತಂತಿಯನ್ನು ಸಿಕ್ಕಲ್ಲೆಲ್ಲ ಕತ್ತರಿಸಿದೆ. ಐದು ತುಂಡು ಬಂತು, ಉಳಿದದ್ದು ಒಳಗೇ ಇದೆ. ಅಜ್ಜ, ಇನ್ನೇನು ಮಾಡಲಿ? ಬುಡದಲ್ಲಿ ಸಸಿ ನೆಟ್ಟು ಊತದ ಮೇಲಕ್ಕೆ ಒತ್ತು ಕಸಿ ಕಟ್ಟಬಹುದಾ?

ಕಸಿ ಅಜ್ಜ

ಕಟ್ಟಬಹುದು, ಆದರೆ ಹಲಸಿಗೆ ಸೊನೆ ಜಾಸ್ತಿ, ಕೂಡುವುದು ಕಷ್ಟ. ಒಂದು ಮಳೆಗಾಲ ಕಾದು ನೋಡು. ನಾಲ್ಕು ಬೆರಳು ಉಳಿದಿದೆಯಲ್ಲ, ಅಲ್ಲಿಂದ ಎರಡೂ ಕಡೆಗೆ ಹೊಸ ತೊಗಟೆ ಬಂದರೂ ಬಂದೀತು. ಸೌದೆ ಅಲ್ಲಿಂದ ತೆಗೆ, ಗೆದ್ದಲು ಹತ್ತುತ್ತದೆ. ಕೊಟ್ಟಿಗೆ ಹತ್ತಿರ ಅಂದೆ, ಆಡು ಕರು ಆ ತೊಗಟೆಗೆ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಕಟ್ಟು.

ಸಡಿಲವಾಗಿ ಕಟ್ಟು ಮಾರಾಯ.